ಶತ್ರುವಿಗೂ ಒಂದು ಸ್ವರ

ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ಬಾಂಬಿಗೆ ಸುಟ್ಟುಹೋದ ಕೆಥೆಡ್ರಲ್ಲಿನ (ಪ್ರಧಾನ ಚರ್ಚಿನ) ಪಕ್ಕದಲ್ಲೇ ಹೊಸದೊಂದನ್ನು ಕಟ್ಟಿ, ಅದರ ಪ್ರತಿಷ್ಠಾಪನೆಯ ಸಂದರ್ಭಕ್ಕೆಂದು ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಅವರಿಂದ 'ವಾರ್ ರಿಕ್ವಿಯಂ' (ರಿಕ್ವಿಯಂ ಎಂದರೆ ಸತ್ತವರ ಶಾಂತಿಗಾಗಿ ಹಾಡುವ ಚರ್ಚಿನ ಪ್ರಾರ್ಥನೆ) ಎಂಬ ಸಂಗೀತ ಕೃತಿಯನ್ನು ಬರೆಸಿದ ಸಂಗತಿಯನ್ನು ಹಿಂದಿನ ಸಂಚಿಕೆಯ ಅರ್ಧ ಪುಟದ ಟಿಪ್ಪಣಿಯಲ್ಲಿ ಪ್ರಸ್ತಾಪಿಸಿದ್ದೆವು. ಅಷ್ಟು ಸಣ್ಣ ಟಿಪ್ಪಣಿಗೆ ಇಷ್ಟು ಪತ್ರಗಳು ಬಂದಾವೆಂದು ನಾವು ಎಣಿಸಿರಲಿಲ್ಲ. ಯುದ್ಧದಲ್ಲಿ ಮಡಿದವರನ್ನು ನೆನೆಯುವುದು, ಸಂಗೀತದಿಂದ ಶಾಂತಿ ಸಾಧ್ಯವೇ ಎಂಬುದು, ಇವೆರಡರ ಸುತ್ತಲೇ ಇದ್ದ ಪ್ರಶ್ನೆಗಳನ್ನು ಆರಿಸಿಕೊಂಡು ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಸತ್ತವರಿಗಾಗಿ ಹಾಡುವ ಪದ್ಧತಿ ಎಲ್ಲ ನಾಡುಗಳಲ್ಲೂ ಇದೆ. ಹಾಗಿರುವಾಗ 'ವಾರ್ ರಿಕ್ವಿಯಂ'ನಲ್ಲಿ ಅಂಥ ವಿಶೇಷವೇನಿದೆ?
(ಕಾಲೇಜು ಉಪನ್ಯಾಸಕಿ, ಹಾಸನ)

ಉತ್ತರ: ಪದ್ಧತಿ ಎಲ್ಲೆಡೆಯೂ ಇದೆ, ನಿಜ. ಆದರೆ ಹಾಡುವವರು ಹಾಡುವುದು ಸಾಮಾನ್ಯವಾಗಿ ತಮ್ಮವರಿಗಾಗಿ ಮಾತ್ರ. ನಮ್ಮ ವೀರಗಲ್ಲುಗಳನ್ನೇ ನೋಡಿ. ಊರಿನ ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದವನನ್ನು ಅಪ್ಸರೆಯರು ಕೈಹಿಡಿದು ಕರೆದೊಯ್ಯುವ ಚಿತ್ರ ನಡುವಿನ ಪಟ್ಟಿಕೆಯಲ್ಲಿ ಇರುತ್ತದೆ. ಅವನ ಕೈಯಲ್ಲಿ ಸತ್ತವರು ಕೆಳಗಿನ ಪಟ್ಟಿಕೆಯಲ್ಲಿ ಕಾಲಡಿ ಬಿದ್ದಿರುತ್ತಾರೆ, ಅವರಿಗೆ ಹೆಸರಿಲ್ಲ. ಕೊವೆಂಟ್ರಿಯಲ್ಲಿ ನಡೆದದ್ದು ಈ ಕೆಳಗಿನ ಪಟ್ಟಿಕೆಯವರಿಗೂ ದನಿ ಕೊಡುವ ಕೆಲಸ.

1940ರ ನವೆಂಬರ್ 14ರ ರಾತ್ರಿ ಜರ್ಮನಿಯ ಸುಮಾರು ಐನೂರು ವಿಮಾನಗಳು ಆ ನಗರದ ಮೇಲೆ ಬಾಂಬು ಸುರಿದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಮಧ್ಯಯುಗದ ಸೇಂಟ್ ಮೈಕೇಲ್ ಕೆಥೆಡ್ರಲ್ ಉರಿದು ಹೊರಗೋಡೆಗಳೂ ಗೋಪುರವೂ ಮಾತ್ರ ನಿಂತವು. ಚಾವಣಿಯಿಂದ ಕೆಳಗೆ ಬಿದ್ದಿದ್ದ ಎರಡು ಸುಟ್ಟ ತೊಲೆಗಳನ್ನು ಅಲ್ಲಿನ ಕಲ್ಲುಕುಟಿಗರೊಬ್ಬರು ಶಿಲುಬೆಯ ಆಕಾರದಲ್ಲಿ ಕಟ್ಟಿ ನಿಲ್ಲಿಸಿದರು. ಹಳೆಯ ಮೂರು ಕಬ್ಬಿಣದ ಮೊಳೆಗಳನ್ನು ಜೋಡಿಸಿ ಇನ್ನೊಂದು ಸಣ್ಣ ಶಿಲುಬೆಯೂ ಆಯಿತು. ಕೆಥೆಡ್ರಲ್ಲಿನ ಮುಖ್ಯಸ್ಥರಾಗಿದ್ದ ರಿಚರ್ಡ್ ಹೊವರ್ಡ್ ಅದೇ ವರ್ಷದ ಕ್ರಿಸ್‌ಮಸ್ ದಿನ, ಇನ್ನೂ ಯುದ್ಧ ನಡೆಯುತ್ತಿರುವಾಗಲೇ, ಆ ಅವಶೇಷಗಳ ನಡುವಿನಿಂದ ರೇಡಿಯೊದಲ್ಲಿ ಮಾತನಾಡಿ, ಎಷ್ಟೇ ಕಷ್ಟವಾದರೂ ಸೇಡಿನ ಯೋಚನೆಯನ್ನು ದೂರವಿಡಬೇಕೆಂದು ಕೇಳಿಕೊಂಡರು. ಮುಂದೆ ಬಲಿಪೀಠದ ಹಿಂದಿನ ಗೋಡೆಯ ಮೇಲೆ ಎರಡೇ ಪದಗಳನ್ನು ಕೆತ್ತಿಸಲಾಯಿತು: 'ತಂದೆಯೇ, ಕ್ಷಮಿಸು.' 'ಅವರನ್ನು ಕ್ಷಮಿಸು' ಎಂದು ಬರೆದಿದ್ದರೆ ತಪ್ಪೆಲ್ಲವೂ ಬಾಂಬು ಹಾಕಿದವರದ್ದೇ ಆಗುತ್ತಿತ್ತು. ಆ ಒಂದು ಸರ್ವನಾಮವನ್ನು ಬಿಟ್ಟದ್ದರಿಂದ ಕ್ಷಮೆ ಬೇಡುವವರ ಸಾಲಿನಲ್ಲಿ ಬರೆಸಿದವರೂ ಬಂದು ನಿಂತರು. ಬಿಟ್ಟದ್ದು ಸರಿಯೇ ಆಗಿತ್ತೆಂಬುದನ್ನು 1945ರ ಫೆಬ್ರುವರಿ ತೋರಿಸಿತ್ತು. ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳ ದಾಳಿಗೆ ಜರ್ಮನಿಯ ಡ್ರೆಸ್ಡೆನ್ ನಗರ ಉರಿದಾಗ ಸತ್ತವರು ಸುಮಾರು 25 ಸಾವಿರ.

ಹಳೆಯ ಗೋಡೆಗಳನ್ನು ಕೆಡವದೆ ಹಾಗೆಯೇ ಉಳಿಸಿ, ಅವುಗಳ ಮಗ್ಗುಲಲ್ಲಿ ವಾಸ್ತುಶಿಲ್ಪಿ ಬೇಸಿಲ್ ಸ್ಪೆನ್ಸ್ ಅವರ ವಿನ್ಯಾಸದಂತೆ ಹೊಸ ಕೆಥೆಡ್ರಲ್ ಎದ್ದಿತು. ಅಲ್ಲಿ 1962ರ ಮೇ 30ರಂದು 'ವಾರ್ ರಿಕ್ವಿಯಂ' ಮೊದಲ ಬಾರಿ ಕೇಳಿಸಿತು. ಬೆಂಜಮಿನ್ ಬ್ರಿಟನ್ ಅದನ್ನು ಮೂವರು ಗಾಯಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು: ಇಂಗ್ಲೆಂಡಿನ ಪೀಟರ್ ಪಿಯರ್ಸ್, ಜರ್ಮನಿಯ ಡೀಟ್ರಿಶ್ ಫಿಷರ್-ಡೀಸ್ಕೌ, ಸೋವಿಯತ್ ಒಕ್ಕೂಟದ ಗಲಿನಾ ವಿಷ್ನೆವ್‌ಸ್ಕಾಯಾ. ಪಿಯರ್ಸ್ ಮತ್ತು ಬ್ರಿಟನ್ ಇಬ್ಬರೂ ಯುದ್ಧಕಾಲದಲ್ಲಿ ಆತ್ಮಸಾಕ್ಷಿಯ ಕಾರಣ ನೀಡಿ ಆಯುಧ ಹಿಡಿಯಲು ಒಪ್ಪದಿದ್ದವರು. ಫಿಷರ್-ಡೀಸ್ಕೌ ಹಿಟ್ಲರನ ಸೇನೆಗೆ ಬಲವಂತದಿಂದ ಸೇರಿಸಲ್ಪಟ್ಟು ಇಟಲಿಯಲ್ಲಿ ಅಮೆರಿಕನ್ನರ ಸೆರೆಯಾಳಾಗಿದ್ದವರು. ಅಂಗವಿಕಲರಾಗಿದ್ದ ಅವರ ಸಹೋದರನನ್ನು ನಾಜಿ ಆಡಳಿತವೇ ಸಾಯಿಸಿತ್ತು. ವಿಷ್ನೆವ್‌ಸ್ಕಾಯಾ ಲೆನಿನ್‌ಗ್ರಾಡ್ ಮುತ್ತಿಗೆಯ ಹಸಿವನ್ನು ಹದಿಹರೆಯದಲ್ಲೇ ಅನುಭವಿಸಿದವರು. ಆದರೆ ಜರ್ಮನ್ ಗಾಯಕನೊಬ್ಬನ ಪಕ್ಕದಲ್ಲಿ ಸೋವಿಯತ್ ಗಾಯಕಿ ನಿಲ್ಲುವುದನ್ನು ಮಾಸ್ಕೋದ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಯ ಗಳಿಗೆಯಲ್ಲಿ ಹೆದರ್ ಹಾರ್ಪರ್ ಎಂಬ ಗಾಯಕಿ ಹತ್ತು ದಿನಗಳಲ್ಲಿ ಆ ಭಾಗವನ್ನು ಕಲಿತು ಹಾಡಬೇಕಾಯಿತು. ಮೂವರೂ ಜೊತೆಯಾಗಿ ಹಾಡಿದ್ದು ಮರುವರ್ಷ, ಲಂಡನ್ನಿನ ಧ್ವನಿಮುದ್ರಣದಲ್ಲಿ. ಸಾಮರಸ್ಯಕ್ಕೆಂದೇ ಹೊರಟ ಕೃತಿಯನ್ನೂ ರಾಜಕಾರಣ ಬಾಗಿಲಲ್ಲೇ ತಡೆದು ನಿಲ್ಲಿಸಿತ್ತೆಂಬುದನ್ನು ಮರೆಯಬಾರದು.

ಕೃತಿಯ ಕೊನೆಯ ಭಾಗದಲ್ಲಿ ಒಬ್ಬ ಸೈನಿಕ ನೆಲದಡಿಯ ಕತ್ತಲ ಸುರಂಗವೊಂದಕ್ಕೆ ಇಳಿಯುತ್ತಾನೆ. ಅಲ್ಲಿ ಮಲಗಿರುವವರಲ್ಲಿ ಒಬ್ಬ ಎದ್ದು ಇವನನ್ನು ಗುರುತು ಹಿಡಿಯುತ್ತಾನೆ: ನೀನು ಕೊಂದ ಶತ್ರು ನಾನೇ, ಗೆಳೆಯ, ನಿನ್ನೆ ನನ್ನನ್ನು ಇರಿಯುವಾಗ ನಿನ್ನ ಮುಖ ಹೀಗೇ ಗಂಟಿಕ್ಕಿತ್ತು. ಇಂಗ್ಲಿಷ್ ಸೈನಿಕನ ಸಾಲುಗಳನ್ನು ಪಿಯರ್ಸ್ ಹಾಡಿದರೆ, ಸತ್ತವನ ಸಾಲುಗಳನ್ನು ಹಾಡಿದ್ದು ಆ ಜರ್ಮನ್ ಗಾಯಕ. ಹಾಡಿ ಮುಗಿದ ಮೇಲೆ ಫಿಷರ್-ಡೀಸ್ಕೌ ಕಣ್ಣೀರಿನಲ್ಲಿ ಕುಸಿದು, ಎದ್ದು ಬರಲು ಪಿಯರ್ಸ್ ಅವರ ನೆರವು ಬೇಕಾಯಿತು. ಕನ್ನಡದ ಓದುಗರಿಗೆ ಈ ಸನ್ನಿವೇಶ ತೀರ ಅಪರಿಚಿತವೇನಲ್ಲ. ರನ್ನನ ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆಯುತ್ತ, ತನ್ನ ಮಗ ಲಕ್ಷಣಕುಮಾರನಿಗಾಗಿ ಅಳುವಂತೆಯೇ ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ. ನಿನ್ನ ಸಾಹಸದ ಒಂದಂಶದಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಅವನನ್ನೇ ಬೇಡುತ್ತಾನೆ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಪಾಶ್ಚಾತ್ಯ ಸಂಗೀತದ ಗಂಧವಿಲ್ಲದ ನನ್ನಂಥವರು ಈ ಕೃತಿಯನ್ನು ಹೇಗೆ ಕೇಳಬೇಕು?
(ವಿದ್ಯಾರ್ಥಿ, ತುಮಕೂರು)

ಉತ್ತರ: ಶ್ರುತಿಜ್ಞಾನ ಇರುವ ನಿಮಗೆ ಅನುಕೂಲವೇ ಹೆಚ್ಚು. ಆರಂಭದಲ್ಲೇ ಗಂಟೆಗಳು ಎರಡು ಸ್ವರಗಳನ್ನು ಬಿಡದೆ ಬಾರಿಸುತ್ತವೆ: ಸಿ ಮತ್ತು ಎಫ್ ಶಾರ್ಪ್. ಸಿಯನ್ನು ಷಡ್ಜವೆಂದು ಇಟ್ಟುಕೊಂಡರೆ ಎರಡನೆಯದು ಪ್ರತಿಮಧ್ಯಮ. ಕಲ್ಯಾಣಿಯನ್ನೋ ಪಂತುವರಾಳಿಯನ್ನೋ ಹಾಡುವಾಗ ಪ್ರತಿಮಧ್ಯಮವು ಪಂಚಮದ ಕಡೆಗೆ ವಾಲುವ ಸೆಳೆತ ನಿಮಗೆ ಗೊತ್ತು. ಅಲ್ಲಿ ಹೋಗಿ ನಿಂತಾಗ ಸಿಗುವ ನೆಮ್ಮದಿಯೂ ಗೊತ್ತು. ಇಲ್ಲಿ ಪಂಚಮ ಬರುವುದೇ ಇಲ್ಲ. ಗಾಯಕವೃಂದ 'ಇವರಿಗೆ ಚಿರಶಾಂತಿಯನ್ನು ಕೊಡು' ಎಂದು ಲ್ಯಾಟಿನ್ನಿನಲ್ಲಿ ಬೇಡುತ್ತಿದ್ದರೂ ಶಾಂತಿಗೆ ಬೇಕಾದ ಆ ನೆಲೆಯನ್ನು ಸ್ವರಗಳು ಕೊಡುವುದಿಲ್ಲ. ಇಡೀ ಕೃತಿಯಲ್ಲಿ ಮೂರು ಕಡೆ ಮಾತ್ರ, ವಾದ್ಯಗಳೆಲ್ಲ ಸುಮ್ಮನಾದ ಮೇಲೆ, ಗಾಯಕವೃಂದ ಬಹಳ ಮೆಲ್ಲಗೆ ಎಫ್ ಮೇಜರ್ ಎಂಬ ನೆಮ್ಮದಿಯ ಸ್ವರಗುಚ್ಛಕ್ಕೆ ಬಂದು ನಿಲ್ಲುತ್ತದೆ. ಅದು ಕೂಡ ಗೆದ್ದು ನಿಂತಂತಲ್ಲ, ದಣಿದು ಕೂತಂತೆ.

ಇನ್ನೊಂದು ಸಂಗತಿಗೆ ಕಿವಿಗೊಡಿ. ಹಾಡುವವರು ಮೂರು ಗುಂಪಾಗಿ ಇದ್ದಾರೆ. ದೊಡ್ಡ ವಾದ್ಯವೃಂದ, ಗಾಯಕವೃಂದ ಮತ್ತು ಗಾಯಕಿ ಸೇರಿ ಚರ್ಚಿನ ಲ್ಯಾಟಿನ್ ಪ್ರಾರ್ಥನೆಯನ್ನು ಹಾಡುತ್ತಾರೆ. ಸಣ್ಣ ವಾದ್ಯಮೇಳದೊಂದಿಗೆ ಇಬ್ಬರು ಗಾಯಕರು ಸೈನಿಕ ಕವಿ ವಿಲ್ಫ್ರೆಡ್ ಓವೆನ್‌ನ ಇಂಗ್ಲಿಷ್ ಕವಿತೆಗಳನ್ನು ಹಾಡುತ್ತಾರೆ. ಬಾಲಕರ ಮೇಳ ದೂರದಲ್ಲೆಲ್ಲೋ ಆರ್ಗನ್ ಜೊತೆ ಇರುತ್ತದೆ. ಲ್ಯಾಟಿನ್ ಪ್ರಾರ್ಥಿಸುತ್ತದೆ, ಇಂಗ್ಲಿಷ್ ಅದಕ್ಕೆ ಎದುರು ಮಾತಾಡುತ್ತದೆ. ದೇವರು ಅಬ್ರಹಾಮನಿಗೆ ಕೊಟ್ಟ ಮಾತನ್ನು ಗಾಯಕವೃಂದ ಸಂಭ್ರಮದಿಂದ ನೆನಪಿಸಿದ ಕೂಡಲೇ, ಓವೆನ್‌ನ ಕವಿತೆ ಅದೇ ಅಬ್ರಹಾಮನ ಕಥೆಯನ್ನು ಹೇಳುತ್ತದೆ: ದೇವದೂತ ಬಂದು ಮಗನ ಬದಲು ಟಗರನ್ನು ಬಲಿಕೊಡು ಎಂದರೂ ಮುದುಕ ಕೇಳುವುದಿಲ್ಲ, ಮಗನನ್ನೇ ಕಡಿಯುತ್ತಾನೆ, ಆಮೇಲೆ ಯುರೋಪಿನ ಸಂತತಿಯಲ್ಲಿ ಅರ್ಧದಷ್ಟನ್ನು ಒಬ್ಬೊಬ್ಬರನ್ನಾಗಿ ಕಡಿಯುತ್ತಾನೆ. 'ಒಬ್ಬೊಬ್ಬರನ್ನಾಗಿ' ಎಂಬ ಮಾತನ್ನು ಇಬ್ಬರು ಗಾಯಕರು ಮತ್ತೆ ಮತ್ತೆ ಹಾಡುತ್ತಿರುವಾಗ ದೂರದಿಂದ ಬಾಲಕರು ಬಲಿಯನ್ನು ಸ್ವೀಕರಿಸೆಂದು ದೇವರನ್ನು ಬೇಡುತ್ತಿರುತ್ತಾರೆ. ಮೊದಲ ಸಲ ಇದನ್ನು ಹಳೆಯ ಕ್ಯಾಸೆಟ್ಟಿನಲ್ಲಿ ಕೇಳಿದಾಗ ಈ ಉತ್ತರ ಬರೆಯುತ್ತಿರುವವನು ಟೇಪ್ ನಿಲ್ಲಿಸಿ ಅಂಗಳಕ್ಕೆ ಹೋಗಿ ನಿಂತಿದ್ದ. ಒಂದೇ ಕೂರಿಕೆಯಲ್ಲಿ ಕೇಳಲೇಬೇಕೆಂಬ ಹಟ ಬೇಡ. ಕೃತಿ ಸುಮಾರು ಒಂದೂಕಾಲು ಗಂಟೆಯನ್ನೂ ಮೀರುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರು ಸೇನೆಯಲ್ಲಿದ್ದವರು. ಶಾಂತಿ ಶಾಂತಿ ಎಂದು ಹಾಡುವವರನ್ನು ಕಂಡಾಗ, ಗಡಿಯಲ್ಲಿ ಜೀವ ತೆತ್ತವರನ್ನು ಇವರು ಸಣ್ಣವರನ್ನಾಗಿ ಮಾಡುತ್ತಿದ್ದಾರೆ ಎಂದು ನನಗೆ ನೋವಾಗುತ್ತದೆ. ನನ್ನ ಭಾವನೆ ತಪ್ಪೇ?
(ನಿವೃತ್ತ ಯೋಧರೊಬ್ಬರ ಪತ್ನಿ, ಮಡಿಕೇರಿ)

ಉತ್ತರ: ತಪ್ಪಲ್ಲ, ತಾಯಿ. ಯುದ್ಧವೆಂದರೇನೆಂದು ತಿಳಿಯದೆ, ವೇದಿಕೆಯ ಮೇಲೆ ಬಿಳಿ ಪಾರಿವಾಳ ಹಾರಿಸಿ ಮನೆಗೆ ಹೋಗುವವರ ಬಗ್ಗೆ ನಿಮಗಿರುವ ಅಸಮಾಧಾನ ನಮಗೂ ಇದೆ. ಆದರೆ ಈ ಕೃತಿಯಲ್ಲಿ ಮಾತನಾಡುವ ಕವಿ ಅಂಥವನಲ್ಲ. ವಿಲ್ಫ್ರೆಡ್ ಓವೆನ್ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿ. 1917ರಲ್ಲಿ ಮಾನಸಿಕ ಆಘಾತಕ್ಕೊಳಗಾಗಿ ಆಸ್ಪತ್ರೆ ಸೇರಿದ್ದ. ಗುಣವಾದ ಮೇಲೆ ಮನೆಯಲ್ಲಿ ಉಳಿಯದೆ ತನ್ನ ಸೈನಿಕರ ಬಳಿಗೇ ಮರಳಿದ. ಶೌರ್ಯಕ್ಕಾಗಿ ಅವನಿಗೆ ಮಿಲಿಟರಿ ಕ್ರಾಸ್ ಪದಕ ಸಂದಿತು. 1918ರ ನವೆಂಬರ್ 4ರಂದು, ಯುದ್ಧ ಮುಗಿಯಲು ಒಂದೇ ವಾರ ಬಾಕಿ ಇದ್ದಾಗ, ಉತ್ತರ ಫ್ರಾನ್ಸಿನ ಒಂದು ಕಾಲುವೆಯನ್ನು ದಾಟುವಾಗ ಗುಂಡಿಗೆ ಬಲಿಯಾದ. ವಯಸ್ಸು 25. ಕದನ ವಿರಾಮದ ದಿನ ಊರಿನ ಗಂಟೆಗಳೆಲ್ಲ ಮೊಳಗುತ್ತಿರುವಾಗ ಅವನ ತಾಯಿಯ ಕೈಗೆ ತಂತಿ ಬಂತು.

ಆ ತಾಯಿ, ಸೂಸನ್ ಓವೆನ್, 1920ರಲ್ಲಿ ರವೀಂದ್ರನಾಥ ಠಾಕೂರರಿಗೆ ಒಂದು ಪತ್ರ ಬರೆದರು. ಮಗ ಕೊನೆಯ ಬಾರಿ ಯುದ್ಧಕ್ಕೆ ಹೊರಡುವ ಮುನ್ನ ತಾಯಿಯ ಜೊತೆ ಸಮುದ್ರವನ್ನು ನೋಡುತ್ತ ನಿಂತು, ಇಲ್ಲಿಂದ ಹೊರಡುವಾಗ ಇದೇ ನನ್ನ ವಿದಾಯದ ಮಾತಾಗಲಿ ಎಂದು ಆರಂಭವಾಗುವ ಗೀತಾಂಜಲಿಯ ಸಾಲುಗಳನ್ನು ಹೇಳಿದ್ದ. ಅವನ ಸಾವಿನ ನಂತರ ಮನೆಗೆ ಬಂದ ಅವನ ಪುಟ್ಟ ಕಿಸೆಪುಸ್ತಕದಲ್ಲಿ ಅದೇ ಸಾಲುಗಳಿದ್ದವು, ಕೆಳಗೆ ಠಾಕೂರರ ಹೆಸರಿತ್ತು. ಆ ಕವಿತೆ ಯಾವ ಪುಸ್ತಕದಲ್ಲಿದೆ ಎಂದು ತಿಳಿಸುವಿರಾ ಎಂದು ಆಕೆ ಕೇಳಿದ್ದರು.

ಯೋಧರನ್ನು ಸಂಗೀತದಿಂದ ನೆನೆಯುವ ಇನ್ನೊಂದು ಕ್ರಮ ನಿಮಗೆ ಮನೆಯ ಮಾತಿನಷ್ಟೇ ಪರಿಚಿತ. ನಮ್ಮ ಸೇನೆಯ ಅಂತ್ಯಸಂಸ್ಕಾರಗಳಲ್ಲಿ ಬ್ಯೂಗಲ್ಲಿನ ಮೇಲೆ ನುಡಿಸುವ 'ಲಾಸ್ಟ್ ಪೋಸ್ಟ್' ಸ್ವರವೇ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಮೆನಿನ್ ದ್ವಾರದಡಿಯಲ್ಲಿ 1928ರಿಂದ ಪ್ರತಿ ರಾತ್ರಿ 8 ಗಂಟೆಗೆ ಕೇಳಿಸುತ್ತದೆ. ನುಡಿಸುವವರು ಸೈನಿಕರಲ್ಲ, ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರು. ಆ ಹೊತ್ತಿಗೆ ದ್ವಾರದಡಿಯ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಹಿಡಿದಿದ್ದ ನಾಲ್ಕು ವರ್ಷ ಅದು ಅಲ್ಲಿ ನಿಂತಿತ್ತು. 1944ರ ಸೆಪ್ಟೆಂಬರ್ 6ರಂದು ಊರು ಬಿಡುಗಡೆಯಾದ ಸಂಜೆಯೇ, ಇನ್ನೂ ಅಂಚಿನಲ್ಲಿ ಕಾಳಗ ನಡೆಯುತ್ತಿರುವಾಗಲೇ, ಮತ್ತೆ ಮೊಳಗಿತು. ದೇಹ ಸಿಗದೆ ಹೋದ ಸುಮಾರು 54 ಸಾವಿರ ಯೋಧರ ಹೆಸರುಗಳು ಆ ದ್ವಾರದ ಗೋಡೆಗಳ ಮೇಲಿವೆ, ಅವುಗಳಲ್ಲಿ ನಾನೂರಕ್ಕೂ ಹೆಚ್ಚು ಭಾರತೀಯರವು.

ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಹೈಫಾ ನಗರವನ್ನು ಗೆದ್ದದ್ದನ್ನು ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಇಂದಿಗೂ ನೆನಪಿಸುತ್ತದೆ. ಆ ದಿನ ಭರ್ಜಿಗಳ ಎದುರು ಬಿದ್ದ ಆಟೊಮನ್ (ತುರ್ಕಿ) ಸೈನಿಕರಿಗೂ ಅನಾತೋಲಿಯಾದ ಯಾವುದೋ ಹಳ್ಳಿಯಲ್ಲಿ ದಾರಿ ಕಾಯುವವರು ಇದ್ದಿರಲೇಬೇಕು. ಅವರನ್ನೂ ಒಂದು ಕ್ಷಣ ನೆನೆದರೆ ಮೈಸೂರಿನ ಸವಾರರ ಶೌರ್ಯ ಕುಗ್ಗುತ್ತದೆಂದು ನಮಗೆ ಅನ್ನಿಸುವುದಿಲ್ಲ. ನಿಮ್ಮ ಮನೆಯ ಹಿರಿಯರನ್ನೇ ಕೇಳಿ ನೋಡಿ. ಎದುರು ಪಡೆಯ ಸೈನಿಕನ ಬಗ್ಗೆ ನಿಜವಾಗಿ ಕಾದಾಡಿ ಬಂದವರು ಆಡುವ ಮಾತು, ಟಿವಿಯ ಮುಂದೆ ಕುಳಿತವರು ಆಡುವ ಮಾತಿಗಿಂತ ಬೇರೆಯಾಗಿರುತ್ತದೆ.

ಪ್ರಶ್ನೆ: ಇದುವರೆಗೆ ಯಾವುದಾದರೂ ಯುದ್ಧವನ್ನು ಸಂಗೀತ ನಿಲ್ಲಿಸಿದೆಯೇ? ದ್ವೇಷ ಹರಡಲಿಕ್ಕೂ ಹಾಡೇ ಬಳಕೆಯಾಗಿಲ್ಲವೇ?
(ವಕೀಲರು, ಬೆಂಗಳೂರು)

ಉತ್ತರ: ನಿಲ್ಲಿಸಿಲ್ಲ. ಬಳಕೆಯಾಗಿದೆ. ಪ್ರಶ್ನೆ ನೇರವಾಗಿರುವುದರಿಂದ ಉತ್ತರವನ್ನೂ ನೇರವಾಗಿ ಕೊಟ್ಟಿದ್ದೇವೆ.

ಕೊವೆಂಟ್ರಿಯ ಮೇಲಿನ ಆ ರಾತ್ರಿಯ ದಾಳಿಗೆ ಜರ್ಮನ್ ವಾಯುಪಡೆ ಇಟ್ಟಿದ್ದ ಗುಪ್ತನಾಮ 'ಮೂನ್‌ಲೈಟ್ ಸೊನಾಟಾ'. ಬೆಳದಿಂಗಳಿನಲ್ಲಿ ನಡೆಸಬೇಕಾದ ದಾಳಿಗೆ ಬೇಥೋವನ್‌ನ ಅತ್ಯಂತ ಮೃದುವಾದ ರಚನೆಯೊಂದರ ಹೆಸರು ಯಾರಿಗೋ ಹೊಳೆಯಿತು. ಹೊಳೆದವನು ಸಂಗೀತ ಬಲ್ಲವನೇ ಇರಬೇಕು. ಸಂಗೀತ ಬಲ್ಲವರು ಕ್ರೂರಿಗಳಾಗಲಾರರು ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ. ರುವಾಂಡಾದಲ್ಲಿ 1994ರ ನರಮೇಧದ ಸಮಯದಲ್ಲಿ ಜನಪ್ರಿಯ ಗಾಯಕ ಸೈಮನ್ ಬಿಕಿಂಡಿಯ ಹಾಡುಗಳು ರೇಡಿಯೊದಲ್ಲಿ ಮತ್ತೆ ಮತ್ತೆ ಪ್ರಸಾರವಾಗುತ್ತಿದ್ದವು. ತಾಂಜಾನಿಯಾದ ಅರುಷಾದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಅವನಿಗೆ 15 ವರ್ಷ ಸೆರೆವಾಸ ವಿಧಿಸಿತು. ವಕೀಲರಾದ ತಮಗೆ ಆಸಕ್ತಿಯ ಅಂಶವೆಂದರೆ, ಶಿಕ್ಷೆಯಾದದ್ದು ಹಾಡುಗಳಿಗಾಗಿ ಅಲ್ಲ, ವಾಹನದ ಧ್ವನಿವರ್ಧಕದಿಂದ ಕೊಲ್ಲಿರೆಂದು ಅವನು ಕೂಗಿ ಹೇಳಿದ್ದಕ್ಕಾಗಿ.

ಲೆನಿನ್‌ಗ್ರಾಡಿನ ಪ್ರಸಂಗ ಶಾಂತಿಯ ಹಾಡಿಗೂ ದ್ವೇಷದ ಹಾಡಿಗೂ ನಡುವೆ ಎಲ್ಲೋ ನಿಲ್ಲುತ್ತದೆ. 1941ರ ಸೆಪ್ಟೆಂಬರಿನಿಂದ ಜರ್ಮನರ ಮುತ್ತಿಗೆಯಲ್ಲಿದ್ದ ಆ ನಗರದಲ್ಲಿ ಮರುವರ್ಷದ ಆಗಸ್ಟ್ 9ರಂದು ಸೋವಿಯತ್ ಸಂಗೀತ ರಚನಕಾರ ಶೊಸ್ತಕೋವಿಚ್‌ನ ಏಳನೆಯ ಸಿಂಫನಿಯನ್ನು ನುಡಿಸಲಾಯಿತು. ರೇಡಿಯೊ ವಾದ್ಯವೃಂದದ ನಿರ್ದೇಶಕ ಕಾರ್ಲ್ ಎಲಿಯಾಸ್‌ಬರ್ಗ್ ಮೊದಲ ತಾಲೀಮಿಗೆ ಕರೆದಾಗ ಬರಲು ಶಕ್ತಿಯಿದ್ದವರು ಹದಿನೈದರಷ್ಟು ಜನ. ಉಳಿದವರಲ್ಲಿ ಹಲವರು ಹಸಿವಿನಿಂದ ಸತ್ತಿದ್ದರು, ಹಲವರಿಗೆ ಏಳಲು ಆಗುತ್ತಿರಲಿಲ್ಲ. ತುತ್ತೂರಿ ಊದುವವನ ತುಟಿಗಳಿಗೆ ಬಲವಿರಲಿಲ್ಲ. ವಾದಕರಿಗೆ ಹೆಚ್ಚುವರಿ ಪಡಿತರ ಕೊಡಿಸಿ, ಸೇನೆಯ ಬ್ಯಾಂಡುಗಳಿಂದ ಜನರನ್ನು ಕರೆಸಿ, ಅಂತೂ ನುಡಿಸಿದರು. ಕಛೇರಿಗೆ ಮೊದಲು ಸೋವಿಯತ್ ಫಿರಂಗಿಗಳು ಜರ್ಮನ್ ಫಿರಂಗಿಗಳ ಮೇಲೆ ದಾಳಿ ಮಾಡಿ ಅವುಗಳ ಬಾಯಿ ಮುಚ್ಚಿಸಿದವು. ಧ್ವನಿವರ್ಧಕಗಳನ್ನು ಶತ್ರುವಿನ ಕಂದಕಗಳ ಕಡೆಗೂ ತಿರುಗಿಸಲಾಗಿತ್ತು. ಅದು ಸತ್ತವರ ಸ್ಮರಣೆಯೂ ಹೌದು, ಯುದ್ಧದ ಅಸ್ತ್ರವೂ ಹೌದು. ಹಾಗೆ ಮಾಡಿದ್ದನ್ನು ತಪ್ಪೆನ್ನುವ ಹಕ್ಕು, ದಿನಕ್ಕೆ 125 ಗ್ರಾಂ ಬ್ರೆಡ್ಡಿನಲ್ಲಿ ಚಳಿಗಾಲ ಕಳೆದವರ ಮುಂದೆ ನಮಗಿಲ್ಲ.

ಹಾಗಾದರೆ ಉಳಿಯುವುದೇನು? ಸಂಗೀತ ಮಾಡಬಲ್ಲ ಒಂದು ಸಣ್ಣ ಕೆಲಸ. ಭಾಷಣದ ಮಧ್ಯೆ ಬಾಯಿ ಹಾಕಬಹುದು, ಹಾಡಿನ ಮಧ್ಯೆ ಆಗದು. ಎದುರಾಳಿಯ ದುಃಖವನ್ನು ಕೊನೆಯವರೆಗೆ ಕೇಳಿಸಿಕೊಳ್ಳುವಂತೆ ಅದು ನಮ್ಮನ್ನು ಕೂರಿಸಬಲ್ಲದು. ಕೇಳಿಸಿಕೊಂಡ ಮೇಲೆ ಏನು ಮಾಡುತ್ತೇವೆ ಎಂಬುದು ಸಂಗೀತದ ಕೈಯಲ್ಲಿಲ್ಲ.

ಪ್ರಶ್ನೆ: ಇಸ್ರೇಲಿ ಮತ್ತು ಅರಬ್ ವಾದಕರು ಒಟ್ಟಿಗೆ ನುಡಿಸುವ ವಾದ್ಯವೃಂದವೊಂದಿದೆ ಎಂದು ಕೇಳಿದ್ದೇನೆ. ಅದರಿಂದ ಏನಾದರೂ ಆಗಿದೆಯೇ?
(ಸಿತಾರ್ ಕಲಾಸಕ್ತರು, ಧಾರವಾಡ)

ಉತ್ತರ: ಅದು 'ವೆಸ್ಟ್-ಈಸ್ಟರ್ನ್ ದಿವಾನ್' ವಾದ್ಯವೃಂದ. ಇಸ್ರೇಲಿನಲ್ಲಿ ಬೆಳೆದ ಪಿಯಾನೊ ವಾದಕ ಡೇನಿಯಲ್ ಬಾರೆನ್‌ಬೊಯಿಮ್ ಮತ್ತು ಜೆರುಸಲೇಮಿನಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಚಿಂತಕ ಎಡ್ವರ್ಡ್ ಸೈದ್ ಸೇರಿ 1999ರಲ್ಲಿ ಜರ್ಮನಿಯ ವೈಮರ್‌ನಲ್ಲಿ ಆರಂಭಿಸಿದ್ದು. ಊರಿನ ಆಯ್ಕೆಗೇ ಅರ್ಥವಿತ್ತು: ಜರ್ಮನ್ ಕವಿ ಗಯಟೆಯ ಊರು ಅದು, ಬುಖೆನ್‌ವಾಲ್ಡ್ ಯಾತನಾ ಶಿಬಿರವಿದ್ದದ್ದೂ ಅದರ ಮಗ್ಗುಲಲ್ಲೇ. ಪರ್ಷಿಯನ್ ಕವಿ ಹಾಫಿಜ್‌ನನ್ನು ಓದಿ ಗಯಟೆ ಬರೆದ ಕವನ ಸಂಕಲನದಿಂದ ವೃಂದಕ್ಕೆ ಹೆಸರು ಬಂತು. ಸೈದ್ 2003ರಲ್ಲಿ ತೀರಿಕೊಂಡರು. 2005ರ ಆಗಸ್ಟ್‌ನಲ್ಲಿ ವೃಂದ ಪ್ಯಾಲೆಸ್ತೀನಿನ ರಾಮಲ್ಲಾದಲ್ಲಿ ನುಡಿಸಿತು.

ಪಾಶ್ಚಾತ್ಯ ವಾದ್ಯವೃಂದದಲ್ಲಿ ಪಿಟೀಲು ನುಡಿಸುವ ಇಬ್ಬರಿಗೆ ಸ್ವರಲಿಪಿ ಇಡುವ ಸ್ಟ್ಯಾಂಡ್ ಒಂದೇ. ದಮಾಸ್ಕಸ್ಸಿನಿಂದ ಬಂದವನು ಟೆಲ್ ಅವೀವಿನವಳ ಪಕ್ಕ ಕೂತರೆ, ಇಬ್ಬರ ಕಮಾನುಗಳೂ ಒಂದೇ ಹೊತ್ತಿಗೆ ಮೇಲೇರಬೇಕು, ಒಂದೇ ಹೊತ್ತಿಗೆ ಇಳಿಯಬೇಕು. ಹಾಳೆ ತಿರುವಲು ಒಬ್ಬರು ಕೈ ನೀಡಿದಾಗ ಇನ್ನೊಬ್ಬರು ಸ್ವರವನ್ನು ಬಿಡದೆ ಹಿಡಿದಿರಬೇಕು. ತಂಬೂರಿಯನ್ನು ಶ್ರುತಿ ಮಾಡುವಾಗ ನೀವು ಉಸಿರು ಬಿಗಿಹಿಡಿದು ಪಕ್ಕದವರ ತಂತಿಗೆ ಕಿವಿಗೊಡುತ್ತೀರಲ್ಲ, ಆ ಸ್ಥಿತಿ ಅದು. ತಾಲೀಮು ಮುಗಿದ ಮೇಲೆ ಅವರ ನಡುವೆ ರಾಜಕೀಯದ ಜಗಳಗಳು ನಡೆಯುತ್ತಿದ್ದವು, ಬಿರುಸಾಗಿಯೇ ನಡೆಯುತ್ತಿದ್ದವು.

ಏನಾಯಿತು ಎಂದು ಕೇಳಿದ್ದೀರಿ. ಶಾಂತಿಯಂತೂ ಬರಲಿಲ್ಲ. ತನ್ನ ವಾದ್ಯವೃಂದ ಶಾಂತಿ ತರುವ ಯೋಜನೆಯಲ್ಲ, ಒಬ್ಬರಿಗೊಬ್ಬರ ಬಗ್ಗೆ ಇರುವ ಅಜ್ಞಾನದ ವಿರುದ್ಧದ ಪ್ರಯತ್ನ ಎಂದು ಬಾರೆನ್‌ಬೊಯಿಮ್ ಅವರೇ ಹಲವು ಬಾರಿ ಹೇಳಿದ್ದಾರೆ. ಆಕ್ರಮಣದ ಕೆಳಗೆ ಬದುಕುವವರಿಗೆ ಇಂಥ ಸಹವಾದನ, ಎಲ್ಲ ಸರಿಯಾಗಿದೆ ಎಂಬ ಸುಳ್ಳು ಚಿತ್ರ ಕೊಡುತ್ತದೆಂಬ ಆಕ್ಷೇಪ ಪ್ಯಾಲೆಸ್ತೀನಿ ಕಡೆಯಿಂದ ಬಂದಿದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಒಂದೇ ಸ್ಟ್ಯಾಂಡಿನ ಮುಂದೆ ಕೂತವರು ಕಛೇರಿ ಮುಗಿದ ಮೇಲೆ ಮರಳುವ ದಾರಿಗಳು ಒಂದೇ ಅಲ್ಲ. ಒಬ್ಬರ ದಾರಿಯಲ್ಲಿ ತಪಾಸಣಾ ಠಾಣೆಗಳಿರುತ್ತವೆ. ಇಷ್ಟಿದ್ದೂ ಬರ್ಲಿನ್ನಿನಲ್ಲಿ ವೃಂದದ ಸ್ಥಾಪಕರಿಬ್ಬರ ಹೆಸರಿನ ಸಂಗೀತ ಅಕಾಡೆಮಿ 2016ರಲ್ಲಿ ತೆರೆಯಿತು, ಆ ಪ್ರದೇಶದ ಯುವಕ ಯುವತಿಯರು ಇಂದಿಗೂ ಅಲ್ಲಿ ಕಲಿಯುತ್ತಿದ್ದಾರೆ.

ಪ್ರಶ್ನೆ: ಸರಯೇವೊದಲ್ಲಿ ಬಾಂಬು ಬಿದ್ದ ಜಾಗದಲ್ಲಿ ಕೂತು ಚೆಲ್ಲೊ ನುಡಿಸಿದವನ ಕಥೆ ನಿಜವೇ?
(ಬ್ಯಾಂಕ್ ಉದ್ಯೋಗಿ, ಮಂಗಳೂರು)

ಉತ್ತರ: ನಿಜ. ಬೋಸ್ನಿಯಾ ಯುದ್ಧದಲ್ಲಿ ಆ ನಗರ ಮುತ್ತಿಗೆಯಲ್ಲಿದ್ದಾಗ, 1992ರ ಮೇ 27ರಂದು ಬ್ರೆಡ್ಡಿಗಾಗಿ ಸಾಲಿನಲ್ಲಿ ನಿಂತಿದ್ದವರ ಮೇಲೆ ಶೆಲ್ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ, ವೆದ್ರಾನ್ ಸ್ಮಾಯಿಲೊವಿಚ್ ಎಂಬ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕ ಕಛೇರಿಯ ಉಡುಪು ಧರಿಸಿ ಅಲ್ಲಿಯೂ ನಗರದ ಇತರ ಅವಶೇಷಗಳ ನಡುವೆಯೂ ನುಡಿಸಿದರು. ಅವರು ನುಡಿಸಿದ 'ಆಲ್ಬಿನೋನಿಯ ಅಡಾಜಿಯೊ' ಎಂಬ ವಿಳಂಬಗತಿಯ ರಚನೆ ನಿಜವಾಗಿ ಇಟಲಿಯ ಹಳೆಯ ಸಂಗೀತ ರಚನಕಾರ ಆಲ್ಬಿನೋನಿಯದಲ್ಲ. ಇಟಲಿಯ ವಿದ್ವಾಂಸ ರೆಮೊ ಜಿಯಾಜೊಟ್ಟೊ 1958ರಲ್ಲಿ ಪ್ರಕಟಿಸಿದ್ದು. ಬಾಂಬಿಗೆ ಹಾಳಾದ ಡ್ರೆಸ್ಡೆನ್ ಗ್ರಂಥಾಲಯದ ಹಸ್ತಪ್ರತಿಯ ತುಣುಕೊಂದು ಅದಕ್ಕೆ ಮೂಲವೆಂದು ಅವರು ಹೇಳಿಕೊಂಡಿದ್ದರು. ಬಹುಪಾಲು ಅವರದೇ ರಚನೆ ಎಂಬುದು ಈಗಿನ ಸಾಮಾನ್ಯ ಅಭಿಪ್ರಾಯ. ಅದೇ ಸರಯೇವೊದ ಸುಟ್ಟ ಗ್ರಂಥಾಲಯದೊಳಗೆ 1994ರ ಜೂನ್‌ನಲ್ಲಿ ಮೊಜಾರ್ಟ್‌ನ ರಿಕ್ವಿಯಂ ನಡೆದಾಗ ಅದನ್ನು ನಿರ್ದೇಶಿಸಿದವರು ನಮ್ಮ ಮುಂಬಯಿಯ ಜುಬಿನ್ ಮೆಹ್ತಾ.

ಪ್ರಶ್ನೆ: ಪಂಡಿತ್ ರವಿಶಂಕರ್ ಅವರು ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆಸಿದ ಕಛೇರಿಯಿಂದ ಸಂಗ್ರಹವಾದ ಹಣ ಅವರಿಗೆ ತಲುಪಿತೇ?
(ಅನಿವಾಸಿ ಕನ್ನಡಿಗರು, ನ್ಯೂಜೆರ್ಸಿ)

ಉತ್ತರ: 1971ರ ಆಗಸ್ಟ್ 1ರಂದು ನಿಮ್ಮ ನೆರೆಯ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಎರಡು ಕಛೇರಿಗಳ ಟಿಕೆಟ್ ಹಣ, ಸುಮಾರು 2,43,000 ಡಾಲರ್, ಯುನಿಸೆಫ್‌ಗೆ ಬೇಗನೆ ಸೇರಿತು. ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ ಬಂದ ದೊಡ್ಡ ಮೊತ್ತ ಮಾತ್ರ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕಾರ್ಯಕ್ರಮವನ್ನು ಮೊದಲೇ ದತ್ತಿಯ ಹೆಸರಿನಲ್ಲಿ ನೋಂದಾಯಿಸದಿದ್ದದ್ದೇ ಕಾರಣ. ಆಗ ಭಾರತಕ್ಕೆ ಬಂದಿದ್ದ ನಿರಾಶ್ರಿತರು ಒಂದು ಕೋಟಿಯ ಸಮೀಪ ಮುಟ್ಟುತ್ತಿದ್ದರು, ಆದ್ದರಿಂದ ಹಣದ ಲೆಕ್ಕದಲ್ಲಿ ಅದು ಸಾಗರಕ್ಕೆ ಸುರಿದ ಚೊಂಬು. ಲಾಭವಾದದ್ದು ಬೇರೆ ಕಡೆ: ಅಮೆರಿಕದ ಸರ್ಕಾರ ಪಾಕಿಸ್ತಾನದ ಬೆನ್ನಿಗಿದ್ದ ಕಾಲದಲ್ಲಿ ಅಲ್ಲಿನ ಎಳೆಯರಿಗೆ ಬಾಂಗ್ಲಾದೇಶ ಎಂಬ ಹೆಸರು ಗೊತ್ತಾಯಿತು.

ಅಂದು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಮತ್ತು ಅವರ ಗೆಳೆಯರನ್ನು ಕೇಳಲೆಂದು ಬಂದಿದ್ದ ಸಭೆಯ ಮುಂದೆ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಕೂತು ವಾದ್ಯಗಳನ್ನು ಶ್ರುತಿ ಮಾಡಿಕೊಂಡರು. ಅದನ್ನೇ ಕಛೇರಿಯೆಂದು ಭಾವಿಸಿ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿದ್ದೇ ನಿಮಗೆ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತೆಂದು ಆಶಿಸುತ್ತೇನೆ ಎಂದು ರವಿಶಂಕರ್ ನಗುತ್ತ ಹೇಳಿ 'ಬಾಂಗ್ಲಾ ಧುನ್' ಎತ್ತಿಕೊಂಡರು. ಒಬ್ಬರನ್ನೊಬ್ಬರು ಅರಿಯುವುದು ಎಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ಬಹಳ ಸಲ ಹೀಗೆಯೇ, ತಪ್ಪು ಜಾಗದಲ್ಲಿ ಬಿದ್ದ ಚಪ್ಪಾಳೆಯಿಂದಲೇ, ಶುರುವಾಗುತ್ತದೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಆಗಸ್ಟ್ 6ರ ಹಿರೋಶಿಮಾ ದಿನವನ್ನು ಆಚರಿಸಬೇಕೆಂದಿದ್ದೇವೆ. ಭಾಷಣ, ಪ್ರಬಂಧ ಸ್ಪರ್ಧೆ, ಶಾಂತಿಗೀತೆ ಇವಿಷ್ಟೇ ಹೊಳೆಯುತ್ತಿವೆ. ಬೇರೆ ಏನು ಮಾಡಬಹುದು?
(ಶಿಕ್ಷಕರು, ಶಿರಸಿ)

ಉತ್ತರ: ಪ್ರಬಂಧ ಸ್ಪರ್ಧೆಯನ್ನು ಬಿಟ್ಟುಬಿಡಿ. ಸತ್ತವರ ವಿಷಯದಲ್ಲಿ ಮೊದಲ ಬಹುಮಾನ, ಎರಡನೆಯ ಬಹುಮಾನ ಎಂದು ಹಂಚುವುದು ಚೆನ್ನಾಗಿ ಕಾಣುವುದಿಲ್ಲ.

ಹಿರೋಶಿಮಾದಲ್ಲೇ ಏನು ಮಾಡುತ್ತಾರೆಂದು ನೋಡಿ. ಬಾಂಬು ಬಿದ್ದ ಬೆಳಿಗ್ಗೆ 8.15ಕ್ಕೆ ಸರಿಯಾಗಿ ಗಂಟೆಯೊಂದನ್ನು ಬಾರಿಸಿ ಒಂದು ನಿಮಿಷ ಮೌನವಾಗಿರುತ್ತಾರೆ. ಹಿಂದಿನ ಒಂದು ವರ್ಷದಲ್ಲಿ ತೀರಿಕೊಂಡ ಸಂತ್ರಸ್ತರ ಹೆಸರುಗಳನ್ನು ಸ್ಮಾರಕದ ಕಲ್ಲಿನ ಕಮಾನಿನಡಿ ಇರುವ ಹೆಸರುಗಳ ಪುಸ್ತಕಕ್ಕೆ ಸೇರಿಸುತ್ತಾರೆ. ಮಕ್ಕಳಿಗೆ ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಿ. ಆ ದಿನ ಸತ್ತವರಲ್ಲಿ ಜಪಾನಿನ ಆಳ್ವಿಕೆಯ ಕೊರಿಯಾದಿಂದ ಬಂದಿದ್ದ, ಹಲವರು ದುಡಿಮೆಗೆಂದು ಬಲವಂತವಾಗಿ ತರಲ್ಪಟ್ಟಿದ್ದ, ಸಾವಿರಾರು ಜನರಿದ್ದರು. ಅವರ ನೆನಪಿನ ಕಲ್ಲನ್ನು 1970ರಲ್ಲಿ ನಿಲ್ಲಿಸಿದ್ದು ಶಾಂತಿ ಉದ್ಯಾನದ ಹೊರಗೆ, ನದಿಯ ಆಚೆ. ಅದು ಉದ್ಯಾನದ ಒಳಗೆ ಬಂದದ್ದು 1999ರಲ್ಲಿ. ನದಿ ದಾಟಲು ಆ ಕಲ್ಲಿಗೆ ಇಪ್ಪತ್ತೊಂಬತ್ತು ವರ್ಷ ಯಾಕೆ ಹಿಡಿಯಿತು ಎಂದು ಒಂಬತ್ತನೆಯ ತರಗತಿಯವರನ್ನು ಕೇಳಿ. ಭಾಷಣಕ್ಕಿಂತ ಒಳ್ಳೆಯ ಚರ್ಚೆ ನಡೆಯುತ್ತದೆ.

ಸಾಧ್ಯವಾದರೆ ಜುಲೈ ತಿಂಗಳಲ್ಲೇ ಮಕ್ಕಳನ್ನು ಅವರವರ ಊರಿಗೆ ಕಳಿಸಿ ಎರಡು ಕೆಲಸ ಮಾಡಿಸಿ. ಯಾವುದೇ ಯುದ್ಧದಲ್ಲಿ ಮಡಿದ ತಮ್ಮ ಭಾಗದವರ ಹೆಸರು ಸಿಗುತ್ತದೆಯೇ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಹೊಲದ ಬದುವಿನಲ್ಲಿಯೋ ಗುಡಿಯ ಹಿಂದೆಯೋ ವೀರಗಲ್ಲಿದ್ದರೆ ಅದರ ಎಲ್ಲ ಪಟ್ಟಿಕೆಗಳನ್ನೂ, ಮುಖ್ಯವಾಗಿ ಎಲ್ಲಕ್ಕಿಂತ ಕೆಳಗಿನದನ್ನು, ಚಿತ್ರ ಬರೆದು ತರಲಿ.

ಹಾಡು ಬೇಕೇ ಬೇಕು, ಆದರೆ ಕೊನೆಗೆ ಇರಲಿ. ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ, ಎಂ.ಎಸ್. ಸುಬ್ಬುಲಕ್ಷ್ಮಿಯವರು 1966ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಹಾಡಿದ, ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿಯವರು ರಚಿಸಿದ 'ಮೈತ್ರೀಂ ಭಜತ' ನಿಮ್ಮ ಮಕ್ಕಳಲ್ಲಿ ಕೆಲವರಿಗಾದರೂ ಬಂದೇ ಬರುತ್ತದೆ. ಸಂಗ್ರಹಿಸಿದ ಹೆಸರುಗಳನ್ನು ಒಬ್ಬೊಬ್ಬ ಮಗು ಒಂದೊಂದರಂತೆ ಓದಿ, ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ಅದನ್ನು ಹಾಡಲಿ. ಶಾಲೆಯ ಗಂಟೆಯನ್ನು 8.15ಕ್ಕೆ ಬಾರಿಸಲು ಜವಾನರಿಗೆ ಹಿಂದಿನ ದಿನವೇ ಹೇಳಿಡಿ. ಮೈಕು ಬೇಡ.